‘ಸೂಪರ್’ ಸಾಲದು: ಚಿತ್ರ ಹಾಕಿ, ಕಣ್ಣಿಗೆ ಕಂಡದ್ದನ್ನು ಹೇಳಿ

ಮೂರುಕಾಲು:
ಗೆಳೆಯರೇ, ಈ ಸಲದ ಚಿತ್ರಗಳನ್ನು ಇಲ್ಲಿಯೇ ಹಾಕಿ. ಯಾವ ಕ್ಯಾಮೆರಾ ಆದರೂ ಸರಿ, ಯಾವ ವಿಷಯವಾದರೂ ಸರಿ. ಒಂದೇ ಒಂದು ಬೇಡಿಕೆಯಿದೆ. ಹಿಂದಿನ ಸಲದ ಪ್ರತಿಕ್ರಿಯೆಗಳನ್ನು ಮತ್ತೆ ಓದಿದೆ. ಹೆಚ್ಚಿನವು ‘ಅದ್ಭುತ’, ‘ಸೂಪರ್’, ‘ಲೆನ್ಸ್ ಯಾವುದು’ ಎಂಬಲ್ಲಿಗೆ ಮುಗಿದಿವೆ. ಹೊಗಳಿಸಿಕೊಳ್ಳಲು ಯಾರಿಗೆ ತಾನೇ ಬೇಸರ? ಆದರೆ ‘ಸೂಪರ್’ ಎಂದು ಓದಿದವರಿಗೆ ನಾಳೆ ಕ್ಯಾಮೆರಾ ಹಿಡಿದಾಗ ಏನನ್ನು ಬೇರೆ ರೀತಿ ಮಾಡಬೇಕೆಂದು ತಿಳಿಯುವುದಿಲ್ಲ.

ಹಾಗಾಗಿ ಬರೆಯುವವರು ಮೊದಲು ಕಂಡದ್ದನ್ನು ಹೇಳಿ. ನೋಟ ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ತಡವರಿಸಿತು, ಎಲ್ಲಿ ಬೇಡದ ಕಡೆಗೆ ಜಾರಿತು. ಕಾರಣ ಆಮೇಲೆ, ಅದಕ್ಕೆ ಚಿತ್ರದೊಳಗೇ ಸಾಕ್ಷಿ ಇರಬೇಕು. ಚಿತ್ರ ಹಾಕುವವರು ಫೋಕಲ್ ಲೆಂತ್ (ಲೆನ್ಸ್ ಎಷ್ಟು ಎಂಎಂ), ಅಪರ್ಚರ್ (ಬೆಳಕು ಬರುವ ಕಿಂಡಿ; ಎಫ್/ ಮುಂದಿನ ಸಂಖ್ಯೆ ಹೆಚ್ಚಿದಷ್ಟೂ ಸಣ್ಣದು), ಶಟರ್ ವೇಗ (ಬೆಳಕು ಬಿಡುವ ಹೊತ್ತು, ಸೆಕೆಂಡಿನಲ್ಲಿ), ಐಎಸ್‌ಒ (ಬೆಳಕಿಗೆ ಸಂವೇದನೆ) ಬರೆಯಿರಿ. ಏನನ್ನು ತೋರಿಸಲೆಂದು ತೆಗೆದಿರಿ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಿ.

ಕತ್ತಲೆಕೋಣೆ:
ಉದ್ದೇಶವನ್ನು ಬರೆದು ತಿಳಿಸಬೇಕಾದ ಚಿತ್ರ ಆಗಲೇ ಸೋತಿರುತ್ತದೆ. ಫಿಲಂ ಕಾಲದಲ್ಲಿ ಪ್ರಿಂಟನ್ನು ಮೇಜಿನ ಮೇಲಿಟ್ಟು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು. ನೋಡಿದವರು ಹೇಳಿದ್ದೇ ವಿಮರ್ಶೆ.

ಮೂರುಕಾಲು:
ಗೋಡೆಗೆ ತೂಗುಹಾಕುವ ಚಿತ್ರದ ಮಟ್ಟಿಗೆ ಒಪ್ಪುತ್ತೇನೆ ಸರ್. ಕಲಿಯಲೆಂದು ಹಾಕುವ ಚಿತ್ರಕ್ಕೆ ಒಪ್ಪುವುದಿಲ್ಲ. ಮಂಜನ್ನೇ ತೋರಿಸಲು ಹೊರಟವರಿಗೆ ‘ಕಾಂಟ್ರಾಸ್ಟ್ ಸಾಲದು’ ಎಂದು ಬರೆದರೆ ಯಾರಿಗೆ ಏನು ಬಂತು?

ಕತ್ತಲೆಕೋಣೆ:
ಸರಿ, ನಿಮ್ಮ ನಿಯಮ. ನೋಡೋಣ.

ಬೆಳಗಿನ ಹಕ್ಕಿ:
ಚಿತ್ರ 1, ಬೆಳ್ಳಕ್ಕಿ. 300 ಎಂಎಂ, ಎಫ್/5.6, 1/1000, ಐಎಸ್‌ಒ 400, ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನನ್ನದು, ಶಟರ್ ವೇಗ ಕ್ಯಾಮೆರಾದ್ದು). ಬಿಸಿಲು ಚೆನ್ನಾಗಿ ಏರಿತ್ತು, ಸೂರ್ಯ ನನ್ನ ಬೆನ್ನಿಗಿದ್ದ. ಕಡುಹಸಿರು ನೀರಿನಲ್ಲಿ ನಿಂತ ಹಕ್ಕಿ ಮೀನಿಗಾಗಿ ಕತ್ತು ಚಾಚಿದ ಕ್ಷಣ. ತೋರಿಸಬೇಕೆಂದಿದ್ದುದು ಕತ್ತಿನ ಬಾಗು ಮತ್ತು ಬೆನ್ನಿನ ಗರಿಗಳ ಎಳೆ. ಬಾಗು ಸಿಕ್ಕಿದೆ, ಎಳೆ ಸಿಕ್ಕಿಲ್ಲ. ಎಡಿಟ್ ಮಾಡುವಾಗ ಹೈಲೈಟ್ (ಅತಿ ಬೆಳ್ಳಗಿನ ಭಾಗ) ಇಳಿಸಿದರೆ ಬೆನ್ನು ಬೂದುಬಣ್ಣಕ್ಕೆ ತಿರುಗುತ್ತದೆ, ಗರಿ ಮಾತ್ರ ಕಾಣುವುದಿಲ್ಲ. ರಾ ಫೈಲ್ (ಸೆನ್ಸರ್ ದಾಖಲಿಸಿದ ಸಂಸ್ಕರಿಸದ ಮಾಹಿತಿ) ಇದ್ದರೂ ಹೀಗೇಕೆ?

ಹೊಸಕಣ್ಣು:
ನಾನು ಕಲಿಯುತ್ತಿರುವವಳು, ತಪ್ಪಿದ್ದರೆ ತಿದ್ದಿ. ನನ್ನ ನೋಟ ಮೊದಲು ಕೊಕ್ಕಿನ ತುದಿಯ ನೀರಹನಿಗೆ ಹೋಯಿತು, ಅದು ತುಂಬ ಇಷ್ಟವಾಯಿತು. ಅಲ್ಲಿಂದ ಕತ್ತಿನ ಗುಂಟ ಮೇಲೇರಿ ಬೆನ್ನಿಗೆ ಬಂದರೆ ಅಲ್ಲಿ ನೋಡಲು ಏನೂ ಇಲ್ಲ. ಹಕ್ಕಿಯ ಆಕಾರದಲ್ಲಿ ಕಾಗದ ಕತ್ತರಿಸಿ ಅಂಟಿಸಿದಂತಿದೆ.

ಲೆಕ್ಕಿಗ:
ಸರಿಯಾಗಿಯೇ ಹೇಳಿದ್ದೀರಿ. ರಾ ಫೈಲಿನ ವಿಷಯ: 14 ಬಿಟ್ ಆದರೆ ಪ್ರತಿ ಪಿಕ್ಸೆಲ್‌ಗೆ 16,384 ಹಂತಗಳಿವೆ, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಾತ್ರ. ಅದಕ್ಕೇ ರಾ ಫೈಲಿನಲ್ಲಿ ಎಳೆದಾಡಲು ಅವಕಾಶ ಹೆಚ್ಚು. ಆದರೆ ಮೇಲಿನ ತುದಿಗೆ ಒಂದು ಗೋಡೆಯಿದೆ. ಕೆಂಪು, ಹಸಿರು, ನೀಲಿಗಳಲ್ಲಿ ಒಂದೋ ಎರಡೋ ಮಾತ್ರ ಆ ಗೋಡೆಗೆ ಬಡಿದಿದ್ದರೆ ಉಳಿದದ್ದರ ಆಧಾರದ ಮೇಲೆ ತಂತ್ರಾಂಶ ಒಂದಿಷ್ಟು ಊಹಿಸಿ ತುಂಬುತ್ತದೆ. ಮೂರೂ ತುಂಬಿಹೋದ ಕಡೆ ಗರಿಯ ಮಾಹಿತಿಯೇ ದಾಖಲಾಗಿಲ್ಲ. ಹೈಲೈಟ್ ಇಳಿಸಿದಾಗ ಬೂದುಬಣ್ಣ ಬರುವುದು ಅದಕ್ಕೇ.

ಇನ್ನೊಂದು ಮಾತು. ರಾ ತೆಗೆಯುತ್ತಿದ್ದರೂ ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಂ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗಿನ ಬೆಳಕಿನ ನಕ್ಷೆ) ಸಾಮಾನ್ಯವಾಗಿ ಒಳಗಿನ ಜೆಪೆಗ್ ಮುನ್ನೋಟದ್ದು. ಅದು ಬಲಗಡೆಗೆ ತಾಗಿದ ಮಾತ್ರಕ್ಕೆ ಎಲ್ಲವೂ ಹೋಯಿತೆಂದಲ್ಲ. ಆದರೆ ನಿಮ್ಮ ಚಿತ್ರದಲ್ಲಿ ಬೆನ್ನು ಪೂರ್ತಿ, ಬೆಳಕು ಅತಿಯಾಯಿತೆಂಬ ಎಚ್ಚರಿಕೆಯಾಗಿ, ಪರದೆಯಲ್ಲಿ ಮಿನುಗುತ್ತಿದ್ದಿರಬೇಕು.

ಬೆಳಗಿನ ಹಕ್ಕಿ:
ಹೌದು, ಮಿನುಗುತ್ತಿತ್ತು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಸರಿಯಾಗಿದೆ ಎಂದೇ ತೋರಿಸಿತ್ತಲ್ಲ ಎಂದು ಬಿಟ್ಟೆ.

ಕತ್ತಲೆಕೋಣೆ:
ಮೀಟರಿಗೆ ಅದು ಹಕ್ಕಿ ಎಂದು ಗೊತ್ತಿಲ್ಲ ಮೇಡಂ. ಫ್ರೇಮಿನಲ್ಲಿ ಮುಕ್ಕಾಲು ಪಾಲು ಕಪ್ಪು ನೀರು. ಒಟ್ಟಾರೆ ಬೆಳಕನ್ನು ನಡುಬೂದಿಗೆ ತರುವುದು ಅದರ ಕೆಲಸ, ತಂದಿದೆ. ನೀರನ್ನು ನೀರಿಗಿಂತ ಬೆಳ್ಳಗೆ ಮಾಡುವ ಭರದಲ್ಲಿ ಹಕ್ಕಿಯನ್ನು ಸುಟ್ಟಿದೆ.

ಮೀಟರ್ ಇಲ್ಲದ ಕ್ಯಾಮೆರಾಗಳಲ್ಲಿ ನಾವು ಬಳಸುತ್ತಿದ್ದ ಲೆಕ್ಕ ಹಾಕಿ ನೋಡಿ. ಬಿಸಿಲು ನೇರ ಬೀಳುತ್ತಿದ್ದರೆ ಎಫ್/16ರಲ್ಲಿ ಶಟರ್ ವೇಗ ಒಂದರ ಕೆಳಗೆ ಐಎಸ್‌ಒ. ಐಎಸ್‌ಒ 400ಕ್ಕೆ 1/400. ಎಫ್/16ರಿಂದ 11, 8, 5.6 ಎಂದು ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೆ ಬೆಳಕು ಎರಡು ಪಟ್ಟು) ತೆರೆದರೆ 1/3200 ಬೇಕು. ನಿಮ್ಮದು 1/1000. ಒಂದೂವರೆ ಸ್ಟಾಪಿಗಿಂತ ಹೆಚ್ಚು ಬೆಳಕು ಜಾಸ್ತಿಯಾಗಿದೆ. ಈ ಲೆಕ್ಕಕ್ಕೆ ಹಿನ್ನೆಲೆ ಕಪ್ಪೋ ಬಿಳಿಯೋ ಎಂಬ ಚಿಂತೆಯಿಲ್ಲ, ಏಕೆಂದರೆ ಅದು ಅಳೆಯುವುದು ಬೀಳುವ ಬೆಳಕನ್ನು.

ಬೆಳಗಿನ ಹಕ್ಕಿ:
ಹಾಗಾದರೆ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ ಒಂದೂವರೆಗೆ ಇಟ್ಟುಕೊಂಡು ಹೋದರೆ ಸಾಕೇ?

ಮೂರುಕಾಲು:
ಹಿನ್ನೆಲೆ ಬದಲಾಗದಿದ್ದರೆ ಸಾಕು. ಅದೇ ಹಕ್ಕಿ ಹಾರಿ ಬಿಳಿ ಆಕಾಶದ ಮುಂದೆ ಬಂದರೆ ಮೈನಸ್ ಒಂದೂವರೆಯಲ್ಲಿ ಕಪ್ಪು ಕಾಗೆಯಾಗುತ್ತದೆ. ಬೆಳಕು ಸ್ಥಿರವಾಗಿರುವಾಗ ಮ್ಯಾನುಯಲ್‌ಗೆ ಹೋಗಿ. ಬಿಳಿ ಗರಿ ಮಿನುಗದ ಹಾಗೆ ಒಮ್ಮೆ ಹೊಂದಿಸಿಕೊಂಡರೆ ಹಕ್ಕಿ ನೀರಿನ ಮೇಲಿದ್ದರೂ ಆಕಾಶದಲ್ಲಿದ್ದರೂ ಅದೇ ಎಕ್ಸ್‌ಪೋಷರ್. ಮೋಡ ಬಂದಾಗ ಮಾತ್ರ ನೆನಪಿಟ್ಟುಕೊಂಡು ಬದಲಾಯಿಸಬೇಕು.

ಗುಡ್ಡದಾರಿ:
ಇನ್ನೊಂದು ಕಂಡದ್ದು: ಕಾಲಿನ ಮುಂದೆ ಅಡ್ಡ ಬಂದ ಒಣಹುಲ್ಲಿನ ಕಡ್ಡಿ. ಬಿಸಿಲು ಬಿದ್ದು ಹೊಳೆಯುತ್ತಿದೆ, ಕತ್ತಿನಿಂದ ಇಳಿದ ನೋಟ ಅಲ್ಲಿ ಎಡವುತ್ತದೆ. ಕ್ಲೋನ್ ಮಾಡಿ (ಪಕ್ಕದ ನೀರನ್ನು ನಕಲಿಸಿ ಮುಚ್ಚಿ) ತೆಗೆದುಬಿಡಿ, ಅರ್ಧ ನಿಮಿಷದ ಕೆಲಸ.

ಬೆಳಗಿನ ಹಕ್ಕಿ:
ಅದೊಂದು ಮಾಡುವುದಿಲ್ಲ. ಹಕ್ಕಿ ಇದ್ದ ಜಾಗದಲ್ಲಿ ಹುಲ್ಲಿತ್ತು.

ಗುಡ್ಡದಾರಿ:
ಕಾಂಟ್ರಾಸ್ಟ್ ಏರಿಸುತ್ತೀರಿ, ಕ್ರಾಪ್ ಮಾಡುತ್ತೀರಿ, ನೀರಿನ ಹಸಿರನ್ನು ಗಾಢ ಮಾಡುತ್ತೀರಿ. ಕಡ್ಡಿಗೆ ಬಂದಾಗ ಮಾತ್ರ ಧರ್ಮ ಅಡ್ಡ ಬರುತ್ತದೆಯೇ?

ಲೆಕ್ಕಿಗ:
ಸ್ಪರ್ಧೆಗೆ ಕಳುಹಿಸುವುದಾದರೆ ಇಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್ಎ, ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರ ಪ್ರಕಾರ ಚಿತ್ರದಲ್ಲಿ ಇದ್ದದ್ದನ್ನು ಕ್ರಾಪ್ ಮಾಡಿ ಹೊರಗಿಡಬಹುದೇ ಹೊರತು ಅಳಿಸುವಂತಿಲ್ಲ, ಸರಿಸುವಂತಿಲ್ಲ, ಸೇರಿಸುವಂತಿಲ್ಲ. ಸೆನ್ಸರ್ ಮೇಲಿನ ಧೂಳಿನ ಕಲೆ, ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ಮುಂತಾಗಿ ಕ್ಯಾಮೆರಾ ತಂದು ಸೇರಿಸಿದ್ದನ್ನು ಅಳಿಸಬಹುದು. ಗೆರೆ ಎಲ್ಲಿದೆ ಎಂಬುದು ಸ್ಪಷ್ಟ: ಲೆನ್ಸಿನ ಮುಂದೆ ಇದ್ದದ್ದು ಉಳಿಯಬೇಕು.

ಗುಡ್ಡದಾರಿ:
ಸ್ಪರ್ಧೆಗಲ್ಲದೆ ಮನೆಯ ಗೋಡೆಗಾದರೆ?

ಕತ್ತಲೆಕೋಣೆ:
ನಿಮ್ಮ ಗೋಡೆ, ನಿಮ್ಮ ಕಡ್ಡಿ. ನಾನಾದರೆ ಕಡ್ಡಿಯ ಮೇಲಿನ ಬೆಳಕನ್ನಷ್ಟೇ ತಗ್ಗಿಸುತ್ತೇನೆ. ಕಪ್ಪು ಬಿಳುಪಿನ ಪ್ರಿಂಟ್ ಮಾಡುವಾಗ ಬೇಡದ ಹೊಳಪಿನ ಮೇಲೆ ಇನ್ನಷ್ಟು ಬೆಳಕು ಬಿಟ್ಟು ಕಪ್ಪಾಗಿಸುತ್ತಿದ್ದೆವು. ಅದಕ್ಕೆ ಯಾರೂ ಸುಳ್ಳು ಎನ್ನುತ್ತಿರಲಿಲ್ಲ.

ಐವತ್ತು ಎಂಎಂ:
ಚಿತ್ರ 2, ಅಜ್ಜಿ. 50 ಎಂಎಂ, ಎಫ್/1.8, 1/200, ಐಎಸ್‌ಒ 800. ಎಪಿಎಸ್-ಸಿ (35 ಎಂಎಂ ಫಿಲಂ ಚೌಕಟ್ಟಿಗಿಂತ ಸಣ್ಣ) ಸೆನ್ಸರಿನ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ), ಉದ್ದಕ್ಕೆ ಹಿಡಿದದ್ದು, ಸುಮಾರು ಒಂದು ಮೀಟರ್ ದೂರ. ಎಡಕ್ಕೆ ಕಿಟಕಿ, ಬೇರೆ ಬೆಳಕಿಲ್ಲ. ಅಜ್ಜಿಯ ಕಣ್ಣಿನೊಳಗೆ ಆ ಕಿಟಕಿ ಕಾಣಬೇಕೆಂಬುದು ಆಸೆ. ಪರದೆಯಲ್ಲಿ ಸಣ್ಣದಾಗಿ ನೋಡಿದರೆ ಸರಿಯಿದೆ, ದೊಡ್ಡದು ಮಾಡಿದರೆ ಕಣ್ಣು ಮಸುಕು. ಕೈ ಅಲುಗಿತೇ?

ಬೆಳಗಿನ ಹಕ್ಕಿ:
ಕೈ ಅಲುಗಿದ್ದಲ್ಲ. ದೊಡ್ಡದು ಮಾಡಿ ಕಿವಿಯ ಕಡೆಗೆ ಬನ್ನಿ. ಕಪೋಲದ ಬಳಿಯ ಬಿಳಿಕೂದಲು ಎಳೆ ಎಳೆಯಾಗಿ ಎಣಿಸುವಷ್ಟು ಸ್ಪಷ್ಟವಾಗಿದೆ. ಕ್ಯಾಮೆರಾ ಅಲುಗಿದ್ದರೆ ಅದೂ ಕದಡಬೇಕಿತ್ತು. ಫೋಕಸ್ ಕಣ್ಣಿನಿಂದ ಹಿಂದಕ್ಕೆ ಹೋಗಿದೆ.

ಗುಡ್ಡದಾರಿ:
ನಡುವಿನ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಮಾಡಿ, ಅರ್ಧ ಒತ್ತಿ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಹೊಂದಿಸಿದಿರಾ? ಹಾಗಿದ್ದರೆ ಕಾರಣ ಅದೇ. ತಿರುಗಿಸಿದಾಗ ಫೋಕಸ್ ಸಮತಲವೂ ತಿರುಗಿ ಕಣ್ಣಿನ ಹಿಂದಕ್ಕೆ ಸರಿಯುತ್ತದೆ. ಎಲ್ಲ ಕಡೆ ಹೇಳುವ ಮಾತೇ.

ಐವತ್ತು ಎಂಎಂ:
ಹೌದು, ಹಾಗೆಯೇ ಮಾಡಿದ್ದು. ಹಾಗಾದರೆ ಅದೇ ಇರಬೇಕು.

ಲೆಕ್ಕಿಗ:
ಸ್ವಲ್ಪ ತಡೆಯಿರಿ. ಎಲ್ಲ ಕಡೆ ಹೇಳುತ್ತಾರೆ ನಿಜ, ಆದರೆ ಈ ಚಿತ್ರಕ್ಕೆ ಅದು ಹೊಂದುತ್ತದೆಯೇ ನೋಡೋಣ.

ಕಣ್ಣು ಇರುವುದು ಫ್ರೇಮಿನ ಮೇಲಿನ ಮೂರನೇ ಒಂದರ ಗೆರೆಯ (ಫ್ರೇಮನ್ನು ಮೂರು ಸಮಭಾಗ ಮಾಡುವ ಗೆರೆ) ಮೇಲೆ. ಸೆನ್ಸರಿನ ಉದ್ದ ಸುಮಾರು 23.5 ಮಿಲಿಮೀಟರ್. ನಡುವಿನಿಂದ ಆ ಗೆರೆಗೆ ಅದರ ಆರನೇ ಒಂದು ಭಾಗ, ಅಂದರೆ 4 ಮಿಲಿಮೀಟರಿನಷ್ಟು. 50 ಎಂಎಂ ಲೆನ್ಸಿನಲ್ಲಿ ಇದು 5 ಡಿಗ್ರಿಗೂ ಕಡಿಮೆ ತಿರುವು. 5 ಡಿಗ್ರಿ ಎಂದೇ ಹಿಡಿದರೂ ಕೊಸೈನ್ 0.996. ಒಂದು ಮೀಟರಿನಲ್ಲಿ ಫೋಕಸ್ ಸಮತಲ ಕಣ್ಣಿನಿಂದ ಹಿಂದಕ್ಕೆ ಸರಿಯುವುದು 4 ಮಿಲಿಮೀಟರಿಗಿಂತ ಕಡಿಮೆ.

ಈಗ ಡೆಪ್ತ್ ಆಫ್ ಫೀಲ್ಡ್, ಅಂದರೆ ಹಿಂದೆ ಮುಂದೆ ಎಷ್ಟು ಆಳದವರೆಗೆ ಸ್ಪಷ್ಟ ಕಾಣುತ್ತದೆ ಎಂಬುದು. 50 ಎಂಎಂ, ಎಫ್/1.8, ಒಂದು ಮೀಟರ್, ಎಪಿಎಸ್-ಸಿ: ಒಟ್ಟು ಸುಮಾರು 27 ಮಿಲಿಮೀಟರ್. ಮುಂದೆ ಅರ್ಧ, ಹಿಂದೆ ಅರ್ಧ ಎಂದರೆ ಎರಡೂ ಕಡೆ 13 ಮಿಲಿಮೀಟರ್ ಚಿಲ್ಲರೆ. 4 ಮಿಲಿಮೀಟರ್ ಸರಿದರೆ ಕಣ್ಣು ಇನ್ನೂ ಸುರಕ್ಷಿತವಾಗಿ ಒಳಗಿರುತ್ತದೆ. ಆದರೆ ಚಿತ್ರದಲ್ಲಿ ಸ್ಪಷ್ಟವಿರುವ ಕೂದಲು ಕಣ್ಣಿನಿಂದ ನಾಲ್ಕೈದು ಸೆಂಟಿಮೀಟರ್ ಹಿಂದಿದೆ. ಆ ಪ್ರಮಾಣದ ತಪ್ಪು ಈ ತಿರುವಿನಿಂದ ಬರಲಾರದು. ಕಣ್ಣನ್ನು ಫ್ರೇಮಿನ ಅಂಚಿನ ಹತ್ತಿರಕ್ಕೆ ತಳ್ಳಿದ್ದರೆ ತಿರುವು 10 ಡಿಗ್ರಿಯಾಗಿ ಒಂದೂವರೆ ಸೆಂಟಿಮೀಟರ್ ಸರಿಯುತ್ತಿತ್ತು, ಆಗ ಮಾತು ಬೇರೆ.

ಕತ್ತಲೆಕೋಣೆ:
ಲೆಕ್ಕ ಎರಡು ಸಲ ಹಾಕಿ ನೋಡಿದೆ. ಸರಿ ಬರುತ್ತದೆ. ಹಾಗಾದರೆ ಕಳ್ಳ ಯಾರು?

ಲೆಕ್ಕಿಗ:
ಮೂವರ ಮೇಲೆ ಅನುಮಾನ. ಫೋಕಸ್ ಹಿಡಿದ ಮೇಲೆ ಶಟರ್ ಒತ್ತುವಷ್ಟರಲ್ಲಿ ಅಜ್ಜಿಯೋ ನೀವೋ ಮುಂದಕ್ಕೆ ಬಾಗಿದ್ದು, ಇದು ಒಂದು. ಕಣ್ಣಿಗಿಂತ ಕಾಂಟ್ರಾಸ್ಟ್ ಹೆಚ್ಚಿರುವ ಬಿಳಿಕೂದಲನ್ನು ಫೋಕಸ್ ಪಾಯಿಂಟ್ ಹಿಡಿದಿದ್ದು, ಇದು ಇನ್ನೊಂದು. ವ್ಯೂಫೈಂಡರಿನಲ್ಲಿ ಕಾಣುವ ಚೌಕಕ್ಕಿಂತ ಫೋಕಸ್ ಸೆನ್ಸರ್ ನೋಡುವ ಜಾಗ ತುಸು ದೊಡ್ಡದಿರುವುದುಂಟು. ಮೂರನೆಯದು ಡಿಎಸ್‌ಎಲ್‌ಆರ್‌ಗಳ ಹಳೆಯ ಕಾಯಿಲೆ. ಅವುಗಳಲ್ಲಿ ಫೋಕಸ್ ಅಳೆಯುವ ಭಾಗವೇ ಬೇರೆ, ಚಿತ್ರ ಬೀಳುವ ಸೆನ್ಸರೇ ಬೇರೆ. ಎರಡರ ದೂರದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಎಫ್/1.8ರಲ್ಲಿ ಹಿಂದೆ ಮುಂದೆ ಆಗುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುವುದರಿಂದ ಈ ತೊಂದರೆಯಿಲ್ಲ.

ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಅಕ್ಷರವಿರುವ ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ಒಂದೇ ಸಾಲಿಗೆ ಒಮ್ಮೆ ವ್ಯೂಫೈಂಡರ್ ಮೂಲಕ, ಒಮ್ಮೆ ಲೈವ್ ವ್ಯೂ (ಹಿಂಬದಿ ಪರದೆ) ಮೂಲಕ ಫೋಕಸ್ ಮಾಡಿ ತೆಗೆಯಿರಿ. ಎರಡರಲ್ಲೂ ಅದೇ ಸಾಲು ಸ್ಪಷ್ಟವಿದ್ದರೆ ಕ್ಯಾಮೆರಾ ನಿರಪರಾಧಿ.

ಐವತ್ತು ಎಂಎಂ:
ಮಾಡಿ ನೋಡಿದೆ. ಎರಡರಲ್ಲೂ ಅದೇ ಸಾಲು. ಚಿತ್ರದ ಮಾಹಿತಿಯಲ್ಲಿ ಫೋಕಸ್ ಪಾಯಿಂಟ್ ನಡುವಿನದೇ ಎಂದು ತೋರಿಸುತ್ತದೆ, ಆದರೆ ತಿರುಗಿಸುವ ಮೊದಲು ಅದು ಏನನ್ನು ಹಿಡಿದಿತ್ತು ಎಂಬುದಕ್ಕೆ ದಾಖಲೆಯಿಲ್ಲ. ಒಂದು ವಿಷಯ ನೆನಪಾಗುತ್ತದೆ. ಅಜ್ಜಿ ತಗ್ಗಿನ ಪೀಠದ ಮೇಲೆ ಕುಳಿತಿದ್ದರು, ನಾನು ಅರ್ಧ ಕುಕ್ಕರುಗಾಲಿನಲ್ಲಿದ್ದೆ.

ಮೂರುಕಾಲು:
ಅರ್ಧ ಕುಕ್ಕರುಗಾಲಿನಲ್ಲಿ ಮೈ ನಾಲ್ಕು ಸೆಂಟಿಮೀಟರ್ ಓಲಾಡುವುದು ಏನೂ ದೊಡ್ಡದಲ್ಲ. ಇನ್ನು ಮುಂದೆ ಹೀಗೆ ಮಾಡಿ. ಒಂದು ಮಂಡಿಯನ್ನು ನೆಲಕ್ಕೂರಿ. ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲಕ್ಕೆ ಸರಿಸಿ, ಕಂಟಿನ್ಯುಯಸ್ ಫೋಕಸ್‌ಗೆ (ಒತ್ತಿ ಹಿಡಿದಷ್ಟು ಹೊತ್ತು ಫೋಕಸ್ ಹೊಂದಿಸುತ್ತಲೇ ಇರುವುದು) ಹಾಕಿ, ಒಂದರ ಹಿಂದೊಂದು ಮೂರು ನಾಲ್ಕು ತೆಗೆಯಿರಿ. ಅಪರ್ಚರ್ ಎಫ್/2.8ಕ್ಕೆ ಇಳಿಸಿದರೆ ಡೆಪ್ತ್ ನಾಲ್ಕು ಸೆಂಟಿಮೀಟರ್ ದಾಟುತ್ತದೆ. ಐಎಸ್‌ಒ 800 ಇದ್ದದ್ದು 2000ದ ಹತ್ತಿರಕ್ಕೆ ಹೋಗುತ್ತದೆ, ಹೋಗಲಿ. ನಾಯ್ಸ್ ಇರುವ ಕಣ್ಣನ್ನು ಸರಿಪಡಿಸಬಹುದು, ಮಸುಕಾದ ಕಣ್ಣನ್ನು ಆಗದು.

ಕತ್ತಲೆಕೋಣೆ:
ಎಲ್ಲರೂ ಕಣ್ಣನ್ನು ಅಳೆದಿರಿ. ಅಜ್ಜಿಯ ತಲೆಯ ಹಿಂದೆ, ಬಲಗಡೆ, ಗೋಡೆಯ ಮೇಲೆ ಬಿಳಿ ಸ್ವಿಚ್‌ಬೋರ್ಡ್ ಇದೆ. ಮಸುಕಾಗಿದ್ದರೂ ಫ್ರೇಮಿನಲ್ಲಿ ಅದಕ್ಕಿಂತ ಬೆಳ್ಳಗಿರುವುದು ಬೇರೇನೂ ಇಲ್ಲ. ‘ನೋಟ ಮೊದಲು ಎಲ್ಲಿಗೆ ಹೋಯಿತು’ ಎಂದು ಕೇಳಿದ್ದಿರಿ. ನನ್ನದು ನೇರ ಅಲ್ಲಿಗೆ ಹೋಯಿತು, ಮುಖಕ್ಕೆ ಆಮೇಲೆ ಬಂತು. ಕಣ್ಣು ಚೂಪಾಗಿ ಬಂದಿದ್ದರೂ ಈ ಚಿತ್ರಕ್ಕೆ ಅದು ತಪ್ಪುತ್ತಿರಲಿಲ್ಲ. ಅಂಗೈ ಅಗಲದ ಪ್ರಿಂಟಿನಲ್ಲಿ ಕಣ್ಣಿನ ಮಸುಕು ಯಾರಿಗೂ ಕಾಣದು. ಸ್ವಿಚ್‌ಬೋರ್ಡ್ ಅಂಚೆಚೀಟಿಯಷ್ಟು ಸಣ್ಣ ಪ್ರಿಂಟಿನಲ್ಲೂ ಕಾಣುತ್ತದೆ.

ಐವತ್ತು ಎಂಎಂ:
ಈಗ ಅದನ್ನು ಬಿಟ್ಟು ಬೇರೇನೂ ಕಾಣುತ್ತಿಲ್ಲ! ಕ್ರಾಪ್ ಮಾಡಿದರೆ ಅಜ್ಜಿಯ ಮುಡಿಯೂ ಹೋಗುತ್ತದೆ.

ಕತ್ತಲೆಕೋಣೆ:
ಕ್ರಾಪ್ ಬೇಡ. ಅದರ ಹೊಳಪನ್ನು ಗೋಡೆಯ ಮಟ್ಟಕ್ಕೆ ಇಳಿಸಿ, ಸಾಕು. ಮುಂದಿನ ಸಲ ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಅದು ತಲೆಯ ಹಿಂದೆ ಮರೆಯಾಗುತ್ತದೆ. ಒತ್ತುವ ಮೊದಲು ಫ್ರೇಮಿನ ನಾಲ್ಕೂ ಅಂಚಿಗೆ ಒಮ್ಮೆ ನೋಟ ಹರಿಸುವುದನ್ನು ರೂಢಿ ಮಾಡಿಕೊಳ್ಳಿ. ಕಿಟಕಿಯ ಬೆಳಕು ಕೆನ್ನೆಯ ಸುಕ್ಕುಗಳ ಮೇಲೆ ಇಳಿದ ರೀತಿ ಒಳ್ಳೆಯದಿದೆ, ಅದನ್ನು ಯಾರೂ ಹೇಳಲಿಲ್ಲ ಎಂದು ಹೇಳುತ್ತಿದ್ದೇನೆ.

ಹೊಸಕಣ್ಣು:
ನಡುವೆ ನನ್ನದೊಂದು ಪ್ರಶ್ನೆ. ನನ್ನ ಕಂಪ್ಯೂಟರಿನಲ್ಲಿ ಗಾಢವಾಗಿ ಕಾಣುವ ಹೂವಿನ ಕೆಂಪು, ಬೇರೆಯವರಿಗೆ ಕಳುಹಿಸಿದಾಗ ಸಪ್ಪೆಯಾಗುತ್ತದೆ. ಮತ್ತೆ, ಒಳಾಂಗಣದ ಬ್ಯಾಡ್ಮಿಂಟನ್ ಆಟದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಹಳದಿ, ಕೆಲವದರಲ್ಲಿ ಅಡ್ಡಪಟ್ಟಿ. ಸೆಟ್ಟಿಂಗ್ ಬದಲಾಯಿಸಿಯೇ ಇಲ್ಲ.

ಲೆಕ್ಕಿಗ:
ಮೊದಲನೆಯದು: ಫೈಲನ್ನು ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಉಳಿಸುತ್ತಿದ್ದೀರಿ ಎನಿಸುತ್ತದೆ. ಫೈಲಿನ ಪ್ರೊಫೈಲ್ (ಯಾವ ಬಣ್ಣದ ವ್ಯವಸ್ಥೆ ಎಂಬ ಗುರುತು) ಓದದ ಕಡೆ ಅದು ಸಪ್ಪೆಯಾಗಿ ಕಾಣುತ್ತದೆ. ಕಳುಹಿಸುವ ಪ್ರತಿಯನ್ನು ಸಾಮಾನ್ಯ ಪರದೆಗಳ ಎಸ್‌ಆರ್‌ಜಿಬಿಗೆ ಬದಲಾಯಿಸಿ, ಪ್ರೊಫೈಲ್ ಒಳಗೇ ಸೇರಿಸಿ.

ಎರಡನೆಯದು ದೀಪಗಳ ಮಿಣುಕು. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಟ್ಯೂಬ್‌ಲೈಟ್, ಎಷ್ಟೋ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 60 ಹರ್ಟ್ಸ್ ಆದರೆ 120 ಸಲ. 1/1000ರಲ್ಲಿ ನೀವು ಆ ಏರಿಳಿತದ ಒಂದು ಚೂರನ್ನಷ್ಟೇ ಹಿಡಿಯುತ್ತೀರಿ, ಅದು ಏರೋ ಇಳಿತವೋ ಅದೃಷ್ಟ. 1/100ಕ್ಕೆ ಇಳಿಸಿದರೆ ಮಿಣುಕು ಹೋಗುತ್ತದೆ, ಜೊತೆಗೆ ಆಟಗಾರರೂ ಕದಡಿಹೋಗುತ್ತಾರೆ. ನಿಮ್ಮ ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಹಾಕಿ, ಅದು ಬೆಳಕು ಏರಿದ ಹೊತ್ತಿಗೆ ಸರಿಯಾಗಿ ಶಟರ್ ತೆರೆಯುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದರೆ ಮೆಕ್ಯಾನಿಕಲ್‌ಗೆ ಬನ್ನಿ, ಪಟ್ಟಿ ಬಹಳ ಕಡಿಮೆಯಾಗುತ್ತದೆ.

ಗುಡ್ಡದಾರಿ:
ಚಿತ್ರ 3, ಸಂಜೆಯ ಗುಡ್ಡಸಾಲು. 18 ಎಂಎಂ, ಎಫ್/22, 1/4 ಸೆಕೆಂಡ್, ಐಎಸ್‌ಒ 100, ಟ್ರೈಪಾಡ್, 24 ಮೆಗಾಪಿಕ್ಸೆಲ್ ಎಪಿಎಸ್-ಸಿ. ಮುಂದಿನ ಬಂಡೆ ಒಂದೂವರೆ ಮೀಟರ್ ದೂರದಲ್ಲಿದೆ. ಬಂಡೆಯ ಮೇಲಿನ ಕಲ್ಲುಹೂವಿನಿಂದ ಹಿಡಿದು ಕೊನೆಯ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ ಬೇಕೆಂದು ಎಫ್/22 ಇಟ್ಟೆ. ಆದರೆ ಯಾವುದೂ ಸ್ಪಷ್ಟವಿಲ್ಲ. ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬಂದದ್ದು) ಬದಲಾಯಿಸುವ ಕಾಲ ಬಂತೇ?

ಮೂರುಕಾಲು:
ಲೆನ್ಸಿನ ಮಾತು ಆಮೇಲೆ. ಮಸುಕು ಯಾವ ಬಗೆಯದು ಎಂಬುದನ್ನು ಚಿತ್ರವೇ ಹೇಳುತ್ತದೆ, ಸ್ವಲ್ಪ ಹುಡುಕಬೇಕು ಅಷ್ಟೇ. ಕ್ಯಾಮೆರಾ ಅಲುಗಿದ್ದರೆ ಮಸುಕಿಗೆ ದಿಕ್ಕು ಇರುತ್ತದೆ, ಚುಕ್ಕೆಯಂತಹ ಹೊಳಪು ಗೆರೆಯಾಗಿ ಎಳೆದುಕೊಂಡಿರುತ್ತದೆ. ಫೋಕಸ್ ತಪ್ಪಿದ್ದರೆ ಯಾವುದೋ ಒಂದು ದೂರದಲ್ಲಿರುವ ವಸ್ತು ಚೂಪಾಗಿದ್ದೇ ಇರುತ್ತದೆ, ಅಜ್ಜಿಯ ಕೂದಲಿನ ಹಾಗೆ. ಗಾಳಿಯದಾದರೆ ಹುಲ್ಲು ಮಾತ್ರ ಕದಡಿ ಬಂಡೆ ನೆಟ್ಟಗಿರುತ್ತದೆ. ನಿಮ್ಮ ಚಿತ್ರದಲ್ಲಿ ಬಂಡೆ, ನಡುವಿನ ಮರಗಳು, ದೂರದ ಗುಡ್ಡ ಎಲ್ಲವೂ ಒಂದೇ ಸಮ ಮೆತ್ತಗಿವೆ, ದಿಕ್ಕಿಲ್ಲ. ಅದಲ್ಲದೆ ಹುಲ್ಲೂ ಕದಡಿದೆ, ಅದು ಬೇರೆ ಲೆಕ್ಕ. ಒಂದೇ ಸಮ ಮೆತ್ತಗಿದೆ ಎಂದರೆ ಬೆರಳು ಎಫ್/22ರ ಕಡೆಗೇ ತೋರಿಸುತ್ತದೆ.

ಲೆಕ್ಕಿಗ:
ಸಂಖ್ಯೆ ನಾನು ಕೊಡುತ್ತೇನೆ. ಸಣ್ಣ ಕಿಂಡಿಯ ಮೂಲಕ ಹಾದ ಬೆಳಕು ಹರಡಿಕೊಳ್ಳುತ್ತದೆ. ಒಂದು ಬಿಂದು ಸೆನ್ಸರಿನ ಮೇಲೆ ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಹಸಿರು ಬೆಳಕಿಗೆ ಎಫ್/22ರಲ್ಲಿ ಆ ಬಿಲ್ಲೆಯ ವ್ಯಾಸ ಸುಮಾರು 30 ಮೈಕ್ರಾನ್, ಎಫ್/8ರಲ್ಲಿ 11 ಮೈಕ್ರಾನ್. ನಿಮ್ಮ ಸೆನ್ಸರಿನ ಒಂದು ಪಿಕ್ಸೆಲ್ 4 ಮೈಕ್ರಾನಿಗೂ ತುಸು ಕಡಿಮೆ. ಏಳು ಪಿಕ್ಸೆಲ್ ಅಗಲಕ್ಕೆ ಹರಡಿದ ಬಿಂದುವನ್ನು ಎಂತಹ ದುಬಾರಿ ಲೆನ್ಸ್ ತಂದರೂ ಚೂಪು ಮಾಡಲಾಗದು.

ಅಷ್ಟಕ್ಕೂ ನಿಮಗೆ ಎಫ್/22 ಬೇಕಾಗಿಯೇ ಇಲ್ಲ. 18 ಎಂಎಂನಲ್ಲಿ ಎಫ್/8 ಇಟ್ಟು ಎರಡು ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಅನಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. ನಿಮ್ಮ ಬಂಡೆ ಒಂದೂವರೆ ಮೀಟರಿನಲ್ಲಿದೆ. ದೂರದ ಗುಡ್ಡದ ಅಂಚು ಇನ್ನಷ್ಟು ಗಟ್ಟಿ ಬೇಕೆನಿಸಿದರೆ ಎಫ್/11ಕ್ಕೆ ಹೋಗಿ, ಫೋಕಸನ್ನು ಬಂಡೆಯಿಂದ ತುಸು ಆಚೆಗೆ ತಳ್ಳಿ. ಎಫ್/8ರಲ್ಲಿ ಶಟರ್ 1/4ರ ಬದಲು 1/30 ಆಗುತ್ತದೆ, ಹುಲ್ಲಿನ ಕದಡೂ ಅಷ್ಟು ಕಡಿಮೆಯಾಗುತ್ತದೆ.

ಗುಡ್ಡದಾರಿ:
ಲೆನ್ಸಿನ ದುಡ್ಡು ಉಳಿಯಿತು. ಆದರೆ ಆಕಾಶದಲ್ಲಿ, ಎಡಗಡೆ ಮೇಲೆ, ಮಸುಕಾದ ಮೂರು ಬೂದು ಚುಕ್ಕೆಗಳಿವೆ. ಹಕ್ಕಿಗಳಲ್ಲ.

ಬೆಳಗಿನ ಹಕ್ಕಿ:
ಸೆನ್ಸರ್ ಧೂಳು. ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿದ್ದರೆ ಅನುಮಾನವೇ ಬೇಡ. ಎಫ್/2.8ರಲ್ಲಿ ಹರಡಿ ಮಾಯವಾಗುತ್ತದೆ, ಎಫ್/22ರಲ್ಲಿ ಅಂಚು ಕಟ್ಟಿ ಕಾಣುತ್ತದೆ. ಸೆನ್ಸರಿನ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದಲ್ಲಿ ಎಡ ಮೇಲ್ಭಾಗದ ಚುಕ್ಕೆಯನ್ನು, ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ, ಸೆನ್ಸರಿನ ಎಡ ಕೆಳಭಾಗದಲ್ಲಿ ಹುಡುಕಿ.

ಗುಡ್ಡದಾರಿ:
ಬಾಯಿಂದ ಊದಿದರೆ ಹೋಗುತ್ತದೆಯೇ?

ಬೆಳಗಿನ ಹಕ್ಕಿ:
ದಯವಿಟ್ಟು ಬೇಡ. ಧೂಳಿನ ಜಾಗದಲ್ಲಿ ಎಂಜಲು ಕೂರುತ್ತದೆ, ಅದನ್ನು ತೆಗೆಯುವುದು ಧೂಳಿಗಿಂತ ಕಷ್ಟ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಅದರೊಳಗಿನ ದ್ರವ ಹೊರಬಂದು ಕಲೆ ಮಾಡೀತು. ಬ್ಯಾಟರಿ ಪೂರ್ತಿ ಇರುವಾಗ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ, ಕ್ಯಾಮೆರಾದ ಬಾಯಿ ನೆಲದ ಕಡೆಗಿರಲಿ, ರಬ್ಬರ್ ಬ್ಲೋವರಿನಿಂದ ಊದಿ. ಬ್ಲೋವರಿನ ಮೂತಿ ಒಳಗೆ ತಾಗದಿರಲಿ.

ಜೇಬುಕ್ಯಾಮೆರಾ:
ನನ್ನ ಬಳಿ ಇರುವುದು ಮೊಬೈಲ್ ಮಾತ್ರ. ನಿಮ್ಮ ಲೆಕ್ಕಗಳನ್ನೆಲ್ಲ ಓದಿದ ಮೇಲೆ ಹಾಕಲು ಅಳುಕು. ಆದರೂ ಚಿತ್ರ 4. ಮೇಲಿನ ಮಹಡಿಯಿಂದ ಕೆಳಗೆ ಬಗ್ಗಿ ತೆಗೆದ ಸುರುಳಿ ಮೆಟ್ಟಿಲು, ಕಪ್ಪು ಬಿಳುಪು. ಸುರುಳಿ ಸುತ್ತುತ್ತ ಕತ್ತಲೆಗೆ ಇಳಿಯುತ್ತದೆ. ಎರಡು ಸುತ್ತು ಕೆಳಗೆ ಕಂಬಿಯ ಮೇಲೆ ಯಾರದೋ ಕೈ ಮಾತ್ರ ಕಾಣುತ್ತಿದೆ. ತೋರಿಸಬೇಕೆಂದಿದ್ದುದು ಆ ಕೈ.

ಹೊಸಕಣ್ಣು:
ಸುರುಳಿಯ ಜೊತೆಗೇ ನನ್ನ ನೋಟವೂ ಸುತ್ತಿತು. ಕೈ ತಡವಾಗಿ ಕಂಡಿತು, ಕಂಡಾಗ ಬೆಚ್ಚಿದೆ.

ಐವತ್ತು ಎಂಎಂ:
ಕೈ ತೀರಾ ಸಣ್ಣದಾಯಿತು. ಹೊರಗಿನ ಒಂದು ಸುತ್ತನ್ನು ಕ್ರಾಪ್ ಮಾಡಿ, ಕೈ ಮೂರನೇ ಒಂದರ ಗೆರೆಗೆ ಬರುತ್ತದೆ.

ಕತ್ತಲೆಕೋಣೆ:
ಮೂರನೇ ಒಂದರ ಗೆರೆಗೆ ಬಂದರೆ ಕೈ ತಕ್ಷಣ ಕಾಣುತ್ತದೆ. ಹೊಸಕಣ್ಣು ಅವರು ಬೆಚ್ಚಿದ್ದು ತಡವಾಗಿ ಕಂಡದ್ದರಿಂದ. ಈವರೆಗೆ ಬಂದ ನಾಲ್ಕರಲ್ಲಿ ನನಗೆ ಹಿಡಿಸಿದ್ದು ಇದು. ಮುಟ್ಟಬೇಡಿ.

ಐವತ್ತು ಎಂಎಂ:
ಸರ್, ತೋರಿಸಬೇಕೆಂದಿದ್ದುದು ಕೈ ಎಂದು ಅವರೇ ಬರೆದಿದ್ದಾರಲ್ಲ. ಸಣ್ಣ ಪರದೆಯಲ್ಲಿ ನೋಡುವವರಿಗೆ ಕೈ ಕಾಣದೆಯೇ ಹೋಗಬಹುದು.

ಕತ್ತಲೆಕೋಣೆ:
ಕಾಣದೆ ಹೋದವರಿಗೆ ಮೆಟ್ಟಿಲು ಸಿಗುತ್ತದೆ. ಅದೂ ಕಡಿಮೆಯದೇನಲ್ಲ.

ಮೂರುಕಾಲು:
ನಾನು ಐವತ್ತು ಎಂಎಂ ಅವರ ಪರ, ಆದರೆ ಕ್ರಾಪ್ ಬೇಡ ಎನ್ನುವೆ. ಕೈ ಇರುವ ಜಾಗವನ್ನು ಚೂರು ಬೆಳಗಿಸಿ, ಹೊರಸುತ್ತನ್ನು ಚೂರು ಕಪ್ಪಾಗಿಸಿ. ಸುರುಳಿ ಪೂರ್ತಿ ಉಳಿಯುತ್ತದೆ.

ಲೆಕ್ಕಿಗ:
ಅಳುಕಿನ ಮಾತಿಗೆ: ಮೊಬೈಲಿನ ಮುಖ್ಯ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಸಾಮಾನ್ಯವಾಗಿ ಐದರಿಂದ ಏಳು ಮಿಲಿಮೀಟರಿನ ಆಸುಪಾಸು. ಅದಕ್ಕೇ ಎಫ್/1.8 ಎಂದು ಬರೆದಿದ್ದರೂ ಮೇಲಿನ ಮೆಟ್ಟಿಲಿನಿಂದ ತಳದವರೆಗೆ ಎಲ್ಲವೂ ಸ್ಪಷ್ಟ ಬಂದಿದೆ. ಇದೇ ಚಿತ್ರವನ್ನು 50 ಎಂಎಂ ಲೆನ್ಸಿನಲ್ಲಿ ಎಫ್/1.8ಕ್ಕೆ ತೆಗೆದಿದ್ದರೆ ಕೈಯೋ ಮೇಲಿನ ಸುತ್ತೋ ಒಂದನ್ನು ಬಿಟ್ಟುಕೊಡಬೇಕಿತ್ತು. ನಿಮ್ಮ ಕ್ಯಾಮೆರಾ ಈ ಕೆಲಸಕ್ಕೆ ಹೊಂದುತ್ತದೆ. ಒಂದು ದೋಷ ಮಾತ್ರ ಇದೆ. ಕಂಬಿಯ ಅಂಚಿನ ಗುಂಟ ತೆಳುವಾದ ಬಿಳಿ ಗೆರೆ ಓಡಿದೆ. ಅದು ಮೊಬೈಲ್ ತಾನಾಗಿ ಮಾಡಿದ ಅತಿಯಾದ ಶಾರ್ಪನಿಂಗ್ (ಅಂಚುಗಳನ್ನು ಚೂಪಾಗಿಸುವುದು). ರಾ ತೆಗೆಯುವ ಆಯ್ಕೆಯಿದ್ದರೆ ಅದು ಹೋಗುತ್ತದೆ.

ಜೇಬುಕ್ಯಾಮೆರಾ:
ರಾ ಆಯ್ಕೆ ಇದೆ, ಇಷ್ಟು ದಿನ ಮುಟ್ಟಿರಲಿಲ್ಲ. ಕೈಯ ಜಾಗ ಬೆಳಗಿಸಿದ ಪ್ರತಿಯನ್ನೂ ಕ್ರಾಪ್ ಮಾಡಿದ ಪ್ರತಿಯನ್ನೂ ಕೆಳಗೆ ಹಾಕಿದ್ದೇನೆ. ನನಗೆ ಮೊದಲಿನದೇ ಹಿಡಿಸುತ್ತದೆ, ಆದರೆ ಕ್ರಾಪ್ ಮಾಡಿದ್ದನ್ನು ಮನೆಯಲ್ಲಿ ಎಲ್ಲರೂ ಮೆಚ್ಚಿದರು.

ಕತ್ತಲೆಕೋಣೆ:
ಮನೆಯವರಿಗೆ ಕ್ರಾಪ್ ಮಾಡಿದ್ದನ್ನು ಕೊಡಿ. ರಾ ಫೈಲ್ ತೆಗೆದ ಮೇಲೆ ಮೊದಲಿನದನ್ನು ಇಲ್ಲಿ ಮತ್ತೆ ಹಾಕಿ, ಆ ಬಿಳಿ ಗೆರೆ ಹೋಯಿತೋ ಇಲ್ಲವೋ ನೋಡಬೇಕು.